ಕುಮಿಳಿ ಮಲೆಗೆ ಜೀಪ್ ಓಟ

ಗೂಡಲೂರು
22 ಫೆಬ್ರವರಿ 1998

ಜೀವಾ,

ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳಿ ಕಾರ್ಡು ಹಾಕಿದ್ದೀಯ. ನೀನು ಬದುಕಿರುವುದು ಅದರಿಂದ ಗೊತ್ತಾಯಿತು. ಇನ್ನು ಮುಂದೆ ಮನೆಯ ವಿಳಾಸಕ್ಕೆ ಬರೆಯಬೇಡ. ತೇನ್‌ಮೊಳಿ ಟೀಚರ್ ಹೆಸರಿಗೆ ಶಾಲೆಗೆ ಬರೆ, ಅವಳು ನನಗೆ ತಲುಪಿಸುತ್ತಾಳೆ.

ಪೊಂಗಲ್ ಓಟದ ದಿನ ನೀನು ತಿರುಗಿ ನೋಡಲಿಲ್ಲ. ಹಾಗಾಗಿ ನಿನ್ನ ಬೆನ್ನ ಹಿಂದೆ ಏನಾಯಿತೆಂದು ನಾನೇ ಹೇಳಬೇಕು.

ಮಲೆಯ ಬುಡದ ಲೋಯರ್ ಕ್ಯಾಂಪಿಗೆ ಮುಂಚಿನ ತಿರುವಿನಲ್ಲಿ, ಹುಣಸೆಮರದ ಎದುರು ನಾನು ನಿಂತಿದ್ದೆ. "ಅಲ್ಲೇ ನಿಲ್ಲು ಪಾಂಡಿ, ನಾನ್ ಮುಂದೆ ಬರೋದು ಅಲ್ಲಿಂದ ಚೆನ್ನಾಗಿ ಕಾಣ್ತದೆ" ಎಂದು ನಿನ್ನ ಬಾವನೇ ಹೇಳಿದ್ದರು. ಓಟ ಏರ್ಪಡಿಸಿದ್ದ ಜೆಯರಾಜ್‌ನ ಆಳುಗಳು ರಸ್ತೆಗೆ ಹಗ್ಗ ಕಟ್ಟಿ ಬಸ್ಸುಗಳನ್ನೆಲ್ಲ ನಿಲ್ಲಿಸಿದ್ದರು. ಜನಕ್ಕೂ ಜೀಪಿಗೂ ನಡುವೆ ಮಾತ್ರ ಒಂದು ದಾರವೂ ಇರಲಿಲ್ಲ. ಮೋರಿಯ ಕಟ್ಟೆ ಮೇಲೆ, ದ್ರಾಕ್ಷಿ ತೋಟದ ಬೇಲಿ ಮೇಲೆ, ಟಾರಿನ ಅಂಚಿನಲ್ಲಿ ಎಲ್ಲೆಲ್ಲೂ ಜನ. ಮೊದಲು ಸದ್ದು ಬಂತು. ಆಮೇಲೆ ಅವರ ನೀಲಿ ಜೀಪು. ಅದರ ಬಾಲಕ್ಕೆ ಮೂಗು ಅಂಟಿಸಿದ ಹಾಗೆ ನಿನ್ನದು. ನಾನು ಚಪ್ಪಾಳೆ ತಟ್ಟಿದೆ. ಗಂಡ ಗೆದ್ದರೇನು, ತಮ್ಮ ಗೆದ್ದರೇನು ಎಂದುಕೊಂಡೆ.

ನಿನ್ನ ಕೈ ಸ್ಟೇರಿಂಗನ್ನು ಎಡಕ್ಕೆ ಎಳೆದದ್ದನ್ನು ನೋಡಿದೆ ಜೀವಾ. ಜಾರಿದ್ದಲ್ಲ, ಎಳೆದದ್ದು. ನಿನ್ನ ಬಂಪರು ಅವರ ಹಿಂಚಕ್ರಕ್ಕೆ ಹೊಡೆಯಿತು. ಜೀಪು ಅಡ್ಡಡ್ಡ ತಿರುಗಿ ಜನರ ಮೇಲೆ ಬಂತು. ದ್ರಾಕ್ಷಿ ಕುಯ್ಯಲು ಬಂದಿದ್ದ ಕಣ್ಣಮ್ಮಾಳ್ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದಳು. ಬುಟ್ಟಿ ತೋಟದೊಳಗೆ ಸಿಕ್ಕಿತು, ಅವಳು ಜೀಪಿನಡಿ ಸಿಕ್ಕಿದಳು. ಅವಳ ಪಕ್ಕದಲ್ಲಿದ್ದ ಅಣ್ಣತಮ್ಮಂದಿರಿಬ್ಬರು ಮೋರಿಯ ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕಿ ಅಪ್ಪಚ್ಚಿಯಾದರು. ಆಮೇಲೆ ಜೀಪು ಮರಕ್ಕೆ ಗುದ್ದಿತು.

ನಾನು ಓಡಿಹೋಗಿ ನೋಡಿದಾಗ ಸ್ಟೇರಿಂಗು ಅವರ ಎದೆಯೊಳಗೆ ಹೋಗಿತ್ತು. ಪ್ರಜ್ಞೆ ಇತ್ತು. ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಯಾರ್ ಮುಂದ್ಕೆ ಹೋದ್ರು?"

ನಿನ್ನ ಹೆಸರು ಹೇಳಿದೆ. ಕಂಬಂ ಆಸ್ಪತ್ರೆ ತಲುಪುವ ಮೊದಲೇ ವ್ಯಾನಿನಲ್ಲಿ ಉಸಿರು ನಿಂತಿತು.

ಅದೇ ಹೊತ್ತಿಗೆ ಕುಮಿಳಿಯಲ್ಲಿ ನೀನು ಹಾರ ಹಾಕಿಸಿಕೊಳ್ಳುತ್ತಿದ್ದೆಯಂತೆ. ಇಲ್ಲಿ ಜನ ಜೆಯರಾಜ್‌ನ ಮೈಕ್ ಒಡೆದರು, ಅವನ ಆಳೊಬ್ಬನನ್ನು ಕಲ್ಲಿನಿಂದ ಜಜ್ಜಿದರು. ಆಮೇಲೆ ನಮ್ಮ ಅಪ್ಪನ ಮನೆಗೆ ನುಗ್ಗಿ ಹಂಚು ಒಡೆದು ಬಣವೆಗೆ ಬೆಂಕಿ ಇಟ್ಟರು. ಬೀದಿಗೆ ಎಳೆದ ಅಪ್ಪನನ್ನು ಒದ್ದವರಲ್ಲಿ ನಮ್ಮ ಜಾತಿಯವರೂ ಇದ್ದರು.

ಪಾಂಡೀಶ್ವರಿ


ವೇದಸಂದೂರು
15 ಮಾರ್ಚ್ 1998

ಅಕ್ಕಾ,

ನಿನ್ನ ಹಾಗೆ ನಾನೂ ನಮ್ಮ ಮನೆಮಾತು ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಈ ಮಿಲ್ಲಿನಲ್ಲಿ ಯಾರು ಓದಿದರೂ ಅರ್ಥವಾಗದು. ನೂಲಿನ ಯಂತ್ರದ ಹತ್ತಿರ ಕೆಲಸ ಸಿಕ್ಕಿದೆ. ಹತ್ತಿಯ ಧೂಳು ಮೂಗು, ಬಾಯಿ ಎಲ್ಲ ತುಂಬುತ್ತದೆ. ಇಲ್ಲಿನವರಿಗೆ ನನ್ನ ಹೆಸರು ಬೇರೆ.

ನಾನು ಎಳೆದದ್ದು ನಿಜ. ಆದರೆ ಅದಕ್ಕೆ ಮುಂಚಿನದ್ದನ್ನು ನೀನು ನೋಡಲಿಲ್ಲ. ಊರು ದಾಟಿದ ಮೇಲೆ ಬಾವ ನನ್ನನ್ನು ಎರಡು ಸಲ ಕಾಲುವೆ ಕಡೆಗೆ ಒತ್ತಿದರು. ಒತ್ತಿ, ತಿರುಗಿ ನೋಡಿ ನಕ್ಕರು. ನಾನೂ ನಕ್ಕೆ. ಬಂಪರು ತಾಗಿಸುವುದು, ದಾರಿ ಕೊಡದೆ ಒತ್ತುವುದು, ಇದೆಲ್ಲ ಇಲ್ಲದ ಓಟವನ್ನು ಈ ಕಣಿವೆಯಲ್ಲಿ ಯಾರಾದರೂ ನೋಡಿದ್ದಾರಾ? ನನಗೆ ಜೀಪ್ ಕಲಿಸಿದ್ದೇ ಅವರು. "ಎದುರಾಳಿ ಚಕ್ರ ನೋಡು, ಮೊಗ ನೋಡ್ಬೇಡ" ಎಂದು ಹೇಳಿಕೊಟ್ಟವರೂ ಅವರೇ. ನಾನು ಚಕ್ರ ನೋಡಿದೆ.

ಕನ್ನಡಿಯಲ್ಲಿ ಧೂಳಷ್ಟೇ ಕಂಡಿತು. ಬಾವ ಹಿಂದೆ ಬಿದ್ದರು ಎಂದುಕೊಂಡೆ. ಮಲೆ ಏರುವಾಗ ಪ್ರತಿ ತಿರುವಿನಲ್ಲೂ ಕನ್ನಡಿ ನೋಡುತ್ತ, ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಇನ್ನೂ ಜೋರಾಗಿ ಒತ್ತಿದೆ. ಕುಮಿಳಿಯಲ್ಲಿ ಹಾರ ಹಾಕಿದ ಮೇಲೆ ಒಬ್ಬ ಬೈಕಿನವನು ಬಂದು ಹೇಳಿದ. ಮೊದಲು ನಂಬಲಿಲ್ಲ. ಅವನ ಅಂಗಿಯ ಮೇಲೆ ರಕ್ತ ನೋಡಿದ ಮೇಲೆ ಓಡಿದೆ. ಏಲಕ್ಕಿ ಲಾರಿ ಹತ್ತಿ ಕೇರಳದೊಳಗೆ ಹೋದೆ.

ಮೊನ್ನೆ ಮಿಲ್ಲಿನಲ್ಲಿ ಒಬ್ಬ ತಮಾಷೆಗೆ ನನ್ನನ್ನು ಹಿಂದಿನಿಂದ ತಳ್ಳಿದ. ತಿರುಗಿ ಹೊಡೆದೆ. ಎಷ್ಟು ಹೊಡೆದೆನೋ ಗೊತ್ತಿಲ್ಲ. ಅವನ ದವಡೆ ಮುರಿದಿದೆಯಂತೆ. ನನ್ನನ್ನು ಎಳೆದು ಬಿಡಿಸಿದ ಮೇಲೂ ಕೈ ನಿಲ್ಲಲಿಲ್ಲ.

ಅಪ್ಪ ಹೇಗಿದ್ದಾರೆ?

ಜೀವಾ


ಗೂಡಲೂರು
14 ಜೂನ್ 1998

ಜೀವಾ,

ಅಪ್ಪ ಹೇಗಿದ್ದಾರೆಂದು ಕೇಳಿದ್ದೆಯಲ್ಲ, ಈಗ ಹೇಳುತ್ತೇನೆ.

ಹೋದ ವಾರ ಹಾಡುಹಗಲಲ್ಲಿ ನನ್ನ ಮೈದುನ ಕರುಪ್ಪಸಾಮಿ ಮೂವರನ್ನು ಕಟ್ಟಿಕೊಂಡು ಅಪ್ಪನ ದ್ರಾಕ್ಷಿ ತೋಟಕ್ಕೆ ಹೋದ. ಚಪ್ಪರದ ಕೆಳಗೆ ನುಗ್ಗಿ ಬಳ್ಳಿಗಳನ್ನು ಬುಡದಲ್ಲೇ ಕಡಿಯುತ್ತ ಬಂದ. ಅಪ್ಪ ಹೋಗಿ ಅವನ ಕೈ ಹಿಡಿದುಕೊಂಡು, "ಬ್ಯಾಡ ಪಾ, ಇದು ಬಳ್ಳಿ, ಇದೇನ್ ಮಾಡ್ತು ನಿಂಗೆ?" ಎಂದರಂತೆ. ಅವನು ಅಪ್ಪನ ಬಲಗೈಯನ್ನು ಚಪ್ಪರದ ಕಲ್ಲುಕಂಬಕ್ಕೆ ಒತ್ತಿ ಹಿಡಿದು ಮಚ್ಚಿನ ಹಿಂಬದಿಯಿಂದ ಹೊಡೆದ. ಮಣಿಕಟ್ಟಿನ ಮೂಳೆ ಪುಡಿಯಾಗಿದೆ. "ಪೊನ್ನುಸಾಮಿ, ಮಗನ್ನ ಕೊಡು, ಇಲ್ಲಾ ಇನ್ನೊಂದ್ ಕೈ ಕೊಡು" ಎಂದು ಹೇಳಿ ಹೋದ. ಅಪ್ಪನಿಗಿಂತ ಎಷ್ಟೋ ವರ್ಷ ಚಿಕ್ಕವನು, ಹೆಸರು ಹಿಡಿದು ಕರೆದ.

ನಾನು ಈಗಲೂ ಗಂಡನ ಮನೆಯಲ್ಲೇ ಇದ್ದೇನೆ. ಎಲ್ಲಿಗೆ ಹೋಗಲಿ? ಅವನು ಅಲ್ಲಿಂದ ನೇರ ಮನೆಗೆ ಬಂದ. ಅವನ ತಾಯಿ ಅಳಗಮ್ಮಾಳ್, ನನ್ನ ಅತ್ತೆ, ಊಟ ಬಡಿಸಿದರು. ಮಚ್ಚಿಗೆ ದ್ರಾಕ್ಷಿ ಬಳ್ಳಿಯ ಹಸಿ ತೊಗಟೆ ಅಂಟಿತ್ತು. ಉಂಡು ಕೈ ತೊಳೆದು ನನ್ನನ್ನು ಕೇಳಿದ:

"ಅತ್ತಿಗೆ, ಅವ್ನ್ ಎಲ್ಲವ್ನೆ?"

"ನಂಗೊತ್ತಿಲ್ಲ."

"ಸುಳ್ಳು. ನಿನ್ನ ಕೂಡ ಹುಟ್ಟಿದವನು. ನಿಂಗೆ ತಿಳಿಯದೆ ಇರುತ್ತಾ?"

ಜುಟ್ಟು ಹಿಡಿದು ರುಬ್ಬುವ ಕಲ್ಲಿಗೆ ನನ್ನ ಮುಖ ಬಡಿದ. ಎರಡನೇ ಸಲ ಬಡಿಯುವ ಮುಂಚೆ ಅತ್ತೆ "ವಿಡುಡಾ!" ಎಂದು ಕೂಗಿದರು. ಅವನು ಬಿಟ್ಟ. ಮುಂದಿನ ಹಲ್ಲು ಹೋಗಿದೆ.

ನಿನಗೆ ಒಂದು ವಿಷಯ ತಿಳಿದಿರಲಿ. ಹೇಳಿಬಿಡಬೇಕು ಎನಿಸಿತ್ತು. ವೇದಸಂದೂರು ಎಂಬ ಮಾತು ನಾಲಿಗೆಯ ಮೇಲೇ ಇತ್ತು. ರಕ್ತದ ಜೊತೆ ನುಂಗಿದೆ. ನಿನ್ನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡ. ಇನ್ನೊಂದು ಹೆಣಕ್ಕೆ ನೀರು ಹಾಕಲು ನನ್ನಲ್ಲಿ ತ್ರಾಣವಿಲ್ಲ.

ನೀನಾಗಿ ಬಂದು ಪೊಲೀಸರ ಮುಂದೆ ನಿಂತರೆ ಇದು ನಿಲ್ಲುತ್ತದೆ.

ಪಾಂಡೀಶ್ವರಿ


ವೇದಸಂದೂರು
25 ಜೂನ್ 1998

ಅಕ್ಕಾ,

ನಿನ್ನ ಕಾಗದ ಓದಿ ಸೀದಾ ದಿಂಡಿಗಲ್‌ಗೆ ಹೋದೆ. ಮಚ್ಚು ಕೊಂಡು, ಸಾಣೆ ಹಿಡಿಸಿ ತಂದಿದ್ದೇನೆ. ಅಪ್ಪನ ಕೈ ಮುರಿದವನಿಗೆ ಕೈ ಇರಬಾರದು. ಆಡಿ ತಿಂಗಳಲ್ಲಿ ಊರಿಗೆ ಬರುತ್ತೇನೆ. ಪೊಲೀಸರ ಮಾತು ಆಮೇಲೆ.

ಜೀವಾ


ಗೂಡಲೂರು
2 ಜುಲೈ 1998

ಜೀವಾ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅವ್ನ್ ಬಂದು ಒಬ್ಬನ್ನ ಕಡಿದ್ರೆ, ಅವ್ರು ನಾಕ್ ಜನ ಬಂದು ನನ್ನ ಕಡೀತಾರೆ. ಉಳಿದಿರೋ ಕೈಲಿ ಗಂಜಿ ಕುಡೀತಾ ಇವ್ನಿ. ಅದ್ನೂ ಕಿತ್ಕೋಬೇಡಾಂತ ಬರಿ."

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಪಾಂಡೀಶ್ವರಿ


ಗೂಡಲೂರು
29 ನವೆಂಬರ್ 1998

ಜೀವಾ,

ಆಡಿಗೆ ನೀನು ಬರಲಿಲ್ಲ. ಒಳ್ಳೆಯದಾಯಿತು. ಇಷ್ಟು ತಿಂಗಳು ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಬಸ್ ನಿಲ್ದಾಣದಿಂದ ಲೋಯರ್ ಕ್ಯಾಂಪ್‌ವರೆಗೆ ಗೋಡೆಗೋಡೆಗೂ ಪೋಸ್ಟರ್ ಹಚ್ಚಿದ್ದಾರೆ. ಪೊಂಗಲಿಗೆ ಮತ್ತೆ ಓಟವಂತೆ. ನಿನ್ನ ಬಾವನ ಹೆಸರಲ್ಲೇ, ‘ಕಾಮರಾಜ್ ನೆನಪಿನ ಕಪ್’. ಅವರ ಚಿತ್ರವೂ ಇದೆ. ನಮ್ಮ ಮದುವೆಯ ಫೋಟೋದಿಂದ ನನ್ನನ್ನು ಕತ್ತರಿಸಿ ತೆಗೆದಿದ್ದಾರೆ. ಅವರ ಪಕ್ಕದಲ್ಲಿ ನನ್ನ ಹೆಗಲಷ್ಟೇ ಉಳಿದಿದೆ. ನಿನ್ನೆ ಒಂದು ಆಡು ಆ ಪೋಸ್ಟರನ್ನು ಕಿತ್ತು ತಿನ್ನುತ್ತಿತ್ತು. ನಾನು ಅದನ್ನು ಓಡಿಸಲಿಲ್ಲ.

ಜೆಯರಾಜ್ ಮನೆಗೆ ಬಂದಿದ್ದ. ಮಲೆಗೆ ಆಳುಗಳನ್ನು ಸಾಗಿಸಲು ಅವನ ಬಳಿ ಈಗ ಮೊದಲಿಗಿಂತ ಹೆಚ್ಚು ಜೀಪುಗಳಿವೆ. ಓಟ ನೋಡಿದ ಜನಕ್ಕೆ ಅವನ ಜೀಪೇ ಬೇಕು. ಅತ್ತೆಯ ಕಾಲಿಗೆ ಬಿದ್ದು, "ಅಮ್ಮಾ, ನೀವೇ ದೀಪ ಹಚ್ಚಿ ಬಾವುಟ ಬೀಸ್ಬೇಕು. ಕಾಮರಾಜ್ ಆತ್ಮ ತಣ್ಣಗಾಗ್ಬೇಕು" ಎಂದ. ಅವರಿಗೆ ಸೀರೆ ತಂದಿದ್ದ. ಅತ್ತೆ ಅದನ್ನು ಮುಟ್ಟಲಿಲ್ಲ. ಕರುಪ್ಪಸಾಮಿಗೆ ಹೊಸ ಜೀಪು ಕೊಡುತ್ತಾನಂತೆ. ಅವನು ಆಗಲೇ ಸಂಜೆ ಹೊತ್ತು ಆ ದಾರಿಯಲ್ಲಿ ಓಡಿಸಿ ಪಳಗುತ್ತಿದ್ದಾನೆ.

ಜೆಯರಾಜ್ ಹೋದ ಮೇಲೆ ಅತ್ತೆ ನನ್ನನ್ನು ಒಂದೇ ಮಾತು ಕೇಳಿದರು. "ಕಣ್ಣಮ್ಮಾಳ್‌ಗೂ ಕಪ್ ಇಡ್ತಾರಾ?"

ಪಾಂಡೀಶ್ವರಿ


ವೇದಸಂದೂರು
20 ಡಿಸೆಂಬರ್ 1998

ಅಕ್ಕಾ,

ಜೆಯರಾಜ್ ಇಲ್ಲಿಗೆ ಬಂದಿದ್ದ. ಯಾರೋ ಲಾರಿ ಡ್ರೈವರು ನನ್ನ ಗುರುತು ಹಿಡಿದು ಅವನಿಗೆ ಹೇಳಿದ್ದಾನೆ. ಶಿಫ್ಟು ಮುಗಿಸಿ ಹೊರಗೆ ಬಂದರೆ ಗೇಟಿನೆದುರು ಅವನ ಕಾರು. ಕಾಪಿ ಕುಡಿಸಿ ಹೆಗಲ ಮೇಲೆ ಕೈ ಹಾಕಿದ.

"ಜೀವಾ, ಕರುಪ್ಪಸಾಮಿ ಏನಂತಾನೆ ಗೊತ್ತಾ? ನೀ ಬಂದ್ರೇನೇ ಓಡ್ಸ್ತಾನಂತೆ. ನಿಮ್ಮಿಬ್ರ ಲೆಕ್ಕ ದಾರೀಲೇ ತೀರ್ಸ್ಕೊಳ್ಳಿ. ಊರೊಳಗೆ ಮಚ್ಚು ಬ್ಯಾಡ. ಇಬ್ರೂ ಗಂಡಸ್ರು, ಇಬ್ರಿಗೂ ಜೀಪ್ ಕೊಡ್ತೀನಿ. ಜನ ಎಷ್ಟ್ ಸೇರ್ತಾರೆ ನೋಡ್ತಿರು, ತೇನಿ, ಮದುರೈಯಿಂದೆಲ್ಲಾ ಬರ್ತಾರೆ. ಓಟ ಮುಗೀಲಿ, ನಾನೇ ವಕೀಲನ್ನ ಹಿಡಿದು ಸರೆಂಡರ್ ಮಾಡಿಸ್ತೀನಿ."

ಅವನ ಮುಖಕ್ಕೆ ಕಾಪಿ ಎರಚಬೇಕಿತ್ತು. ಎರಚಲಿಲ್ಲ. ಹೂಂ ಎಂದೆ.

ಬೈಯಬೇಡ. ಒಂದು ವರ್ಷದಿಂದ ಗೋಡೆ ಪಕ್ಕ ಮಲಗಿ, ಬಾಗಿಲು ನೋಡುತ್ತ ಬದುಕಿದ್ದೇನೆ. ಅವನಿಗೂ ಅಷ್ಟೇ ಇರಬೇಕು. ಮಲೆಯಲ್ಲಿ ಜನ ನಿಲ್ಲದ ತಿರುವುಗಳಿವೆ. ಅಲ್ಲಿ ನಾವಿಬ್ಬರೇ ಇರುತ್ತೇವೆ. ಒಬ್ಬ ಕೆಳಗೆ ಹೋಗುತ್ತಾನೆ, ಒಬ್ಬ ಮೇಲೆ ಹೋಗುತ್ತಾನೆ. ಅಪ್ಪನನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ.

ಜೀವಾ


ಗೂಡಲೂರು
3 ಜನವರಿ 1999

ಜೀವಾ,

ಒಬ್ಬ ಕೆಳಗೆ, ಒಬ್ಬ ಮೇಲೆ ಎಂದು ಬರೆದಿದ್ದೀಯ. ನಿನ್ನ ಬಾವನೂ ಹಾಗೇ ಲೆಕ್ಕ ಹಾಕಿದ್ದರು. ಕಣ್ಣಮ್ಮಾಳ್ ಯಾವ ಲೆಕ್ಕದಲ್ಲಿದ್ದಳು?

ನಾನು ರಸ್ತೆಯಲ್ಲಿ ಕೂರುತ್ತೇನೆ. ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಮುಂಚೆಯೇ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ. ಕಣ್ಣಮ್ಮಾಳ್‌ನ ಮಗಳು ಬರುತ್ತಾಳೆ, ಸತ್ತ ಅಣ್ಣತಮ್ಮಂದಿರ ತಾಯಿ ಬರುತ್ತಾಳೆ, ತೇನ್‌ಮೊಳಿ ಬರುತ್ತಾಳೆ. ನಿನ್ನೆ ಅತ್ತೆಗೂ ಹೇಳಿದೆ. ಅವರು ವೀಳ್ಯದೆಲೆ ಜಗಿಯುತ್ತಲೇ ಇದ್ದರು.

ಬರುವುದಾದರೆ ನಡೆದುಕೊಂಡು ಬಾ.

ಪಾಂಡೀಶ್ವರಿ


ಗೂಡಲೂರು
7 ಫೆಬ್ರವರಿ 1999

ಜೀವಾ,

ಮದುರೈ ಆಸ್ಪತ್ರೆಯಿಂದ ಬಂದವರು ನಿನಗೆ ಪ್ರಜ್ಞೆ ಬಂದಿದೆ, ಆದರೆ ಆ ದಿನದ್ದು ಸರಿಯಾಗಿ ನೆನಪಿಲ್ಲ ಎಂದರು. ನೆನಪಿರಬೇಕು. ಬರೆಯುತ್ತೇನೆ.

ಓಟ ಶುರುವಾಗಲು ಗೆರೆ ಎಳೆದಿದ್ದ ಜಾಗಕ್ಕೆ ನಾವು ಬಿಸಿಲೇರುವ ಮುಂಚೆಯೇ ಹೋಗಿ ಕುಳಿತೆವು. ಬರಬರುತ್ತ ದ್ರಾಕ್ಷಿ ತೋಟದ ಹೆಂಗಸರು ಕುಯ್ಯುವ ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದು ಸೇರಿದರು. ಜೆಯರಾಜ್ ಮೈಕಿನಲ್ಲಿ ಮೊದಲು ಅಮ್ಮಾ ಎಂದ, ಆಮೇಲೆ ಬೈದ. ಅವನ ಆಳುಗಳು ತೇನ್‌ಮೊಳಿಯ ಸೀರೆ ಹಿಡಿದು ಎಳೆದರು. ಕಣ್ಣಮ್ಮಾಳ್‌ನ ಮಗಳು ಒಬ್ಬನ ಕೈಗೆ ಕತ್ತರಿ ಚುಚ್ಚಿದಳು. ಜನ ನಗುತ್ತಿದ್ದರು, ಶಿಳ್ಳೆ ಹಾಕುತ್ತಿದ್ದರು. ಅವರಿಗೆ ಅದೂ ಆಟವೇ.

ನೀನು ಜೆಯರಾಜ್‌ನ ಜೀಪಿನಲ್ಲಿ ಬಂದೆ. ನಡೆದು ಬರಲಿಲ್ಲ. ನಿನ್ನ ಪಕ್ಕದಲ್ಲಿ ಕರುಪ್ಪಸಾಮಿ ತನ್ನ ಜೀಪು ತಂದು ನಿಲ್ಲಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಎಂಜಿನ್ ಕೂಗಿಸುತ್ತ ನಮ್ಮನ್ನೇ ನೋಡುತ್ತಿದ್ದಿರಿ.

ಆಗ ಅತ್ತೆ ಬಂದರು. ಬಾವುಟ ಬೀಸಲು ಅವರಿಗೆಂದು ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಆ ಕಡೆ ತಿರುಗಿಯೂ ನೋಡದೆ ಮಗನ ಜೀಪಿನ ಮುಂದೆ ಬಂದು, ಟಾರಿನ ಮೇಲೆ ಕಾಲು ನೀಡಿ ಕುಳಿತರು.

"ಏಳು ಅಮ್ಮಾ!" ಎಂದು ಅವನು ಕೂಗಿದ.

"ಓಡ್ಸು" ಎಂದರು ಅತ್ತೆ. "ದೊಡ್ಡೋನ್ನ ಕೊಟ್ಟಾಯ್ತು. ನೀ ಓಡ್ಸು ಪಾ. ನನ್ನ ಮೇಲೆ ಓಡ್ಸ್ಕೊಂಡು ಹೋಗಿ ಗೆಲ್ಲು."

ಅವನು ಒತ್ತಿದ. ಜೀಪು ನೆಗೆಯಿತು. ಬಂಪರು ಅತ್ತೆಯ ಪಾದಕ್ಕೆ ತಾಗಿ ನಿಂತಿತು. ಒಂದು ಪಾದ ಜಜ್ಜಿಹೋಯಿತು, ಆದರೂ ಅವರು ಕಾಲು ಹಿಂದೆಗೆದುಕೊಳ್ಳಲಿಲ್ಲ. ಶಿಳ್ಳೆಗಳು ಅಲ್ಲಿಗೆ ನಿಂತವು.

ನಿನ್ನ ಎಂಜಿನ್ ಆಫ್ ಆಯಿತು. ನೀನು ಇಳಿದೆ. ಕೈಯಲ್ಲಿ ಚಕ್ರ ಬಿಚ್ಚುವ ಕಬ್ಬಿಣವಿತ್ತು. ಅವನೂ ಸೀಟಿನಡಿಯಿಂದ ಮಚ್ಚು ಎಳೆದುಕೊಂಡು ಇಳಿದ. ನೀನು ಮೊದಲು ಹೊಡೆಯಬಹುದಿತ್ತು ಜೀವಾ. ಅವನು ಅತ್ತೆಯನ್ನು ದಾಟಿ ಬರುವಾಗ ತಡವರಿಸಿದ, ನೀನು ಕಬ್ಬಿಣ ಎತ್ತಿದ್ದೆ. ಆಮೇಲೆ ಏನಾಯಿತೋ, ಅತ್ತೆಯ ಪಾದ ನೋಡಿದೆಯೋ ನನ್ನನ್ನು ನೋಡಿದೆಯೋ, ಕಬ್ಬಿಣವನ್ನು ಕೆಳಗೆ ಹಾಕಿದೆ. ಅದು ಟಾರಿನ ಮೇಲೆ ಬಿದ್ದ ಸದ್ದು ನನಗೆ ಕೇಳಿಸಿತು.

ಮೊದಲ ಏಟು ನಿನ್ನ ಹೆಗಲಿಗೆ. ಎರಡನೆಯದಕ್ಕೆ ನೀನು ಬಲಗೈ ಅಡ್ಡ ಹಿಡಿದೆ, ಮೊಣಕೈ ಕೆಳಗೆ ತುಂಡಾಯಿತು. ಮೂರನೆಯದು ಕುತ್ತಿಗೆಗೆ ಬರುವಾಗ ನಾನು ಅವನ ಬೆನ್ನ ಮೇಲೆ ಬಿದ್ದು ಕಿವಿ ಕಚ್ಚಿ ಹಿಡಿದೆ. ಬಿಡಲಿಲ್ಲ. ದ್ರಾಕ್ಷಿ ತೋಟದ ಹೆಂಗಸರು ಅವನನ್ನು ನೆಲಕ್ಕೆ ಕೆಡವಿ ಮೇಲೆ ಕುಳಿತರು. ನಿನ್ನ ರಕ್ತ ಗೆರೆಯ ಸುಣ್ಣದಲ್ಲಿ ಕಲಸಿಹೋಗಿತ್ತು. ಜೆಯರಾಜ್ ಆ ವೇಳೆಗೆ ಕಾರು ಹತ್ತಿದ್ದ. ಜನ ಕಾರಿಗೆ ಕಲ್ಲು ಹೊಡೆದರು, ಕಳೆದ ವರ್ಷ ನಮ್ಮ ಮನೆಗೆ ಹೊಡೆದ ಹಾಗೆಯೇ. ಪೊಲೀಸರು ಅವನನ್ನೂ ಹಿಡಿದಿದ್ದಾರೆ.

ಕರುಪ್ಪಸಾಮಿಯ ಮೇಲೆ ನಾನು ಹೇಳಿಕೆ ಕೊಟ್ಟಿದ್ದೇನೆ. ಸಹಿ ಹಾಕಿದ ಕೂಡಲೇ ಇನ್ನೊಂದನ್ನೂ ಬರೆದುಕೊಳ್ಳಿ ಎಂದೆ. ಹೋದ ವರ್ಷ ತಿರುವಿನಲ್ಲಿ ನೋಡಿದ್ದನ್ನು, ನಿನ್ನ ಕೈ ಎಡಕ್ಕೆ ಎಳೆದದ್ದನ್ನು ಹೇಳಿದೆ. ಕೋರ್ಟಿನಲ್ಲೂ ಹೇಳುತ್ತೇನೆ. ನಿನ್ನ ಕೈ ಹೋಯಿತೆಂದು ಅದು ತೀರಿತು ಅನ್ನಬೇಡ. ಕೈಗೆ ಕೈ ಎಂಬ ಲೆಕ್ಕ ನನಗೆ ಸಾಕಾಗಿದೆ.

ಅಕ್ಕ, ಪಾಂಡೀಶ್ವರಿ


ಮದುರೈ
1 ಮಾರ್ಚ್ 1999

ಅಕ್ಕಾ,

ಎಡಗೈ ಬರಹ, ಸೊಟ್ಟಗಿದೆ. ಬಾಗಿಲಲ್ಲಿ ಪೊಲೀಸರಿದ್ದಾರೆ. ಇಲ್ಲದ ಬೆರಳುಗಳು ಸ್ಟೇರಿಂಗ್ ಹಿಡಿದ ಹಾಗೆ ಬಿಗಿಯುತ್ತವೆ, ಬಿಡಿಸಲು ಬರುವುದಿಲ್ಲ.

ಹೇಳು. ಕೋರ್ಟಿನಲ್ಲಿ ನಾನು ಇಲ್ಲ ಎನ್ನುವುದಿಲ್ಲ.

ಜೀವಾ


ಗೂಡಲೂರು
12 ಸೆಪ್ಟೆಂಬರ್ 1999

ಜೀವಾ,

ತೀರ್ಪಾದ ಮೇಲೆ ನಿನ್ನ ಜೊತೆ ಮಾತಾಡಲು ಬಿಡಲಿಲ್ಲ. ಉತ್ತಮಪಾಳಯಂ ಕೋರ್ಟಿನ ಮುಂದೆ ವ್ಯಾನು ಹೊರಡುವವರೆಗೂ ನಿಂತಿದ್ದೆ, ನೀನು ನೋಡಿದೆಯೋ ಇಲ್ಲವೋ.

ನಿನ್ನ ವಕೀಲರು "ಆರೋಪಿ ನಿಮಗೆ ಏನಾಗಬೇಕು?" ಎಂದು ಕೇಳಿದಾಗ ತಮ್ಮ ಎಂದೆ. "ಸತ್ತವರು?" ಗಂಡ ಎಂದೆ. ಧೂಳಿನಲ್ಲಿ ಏನೂ ಕಂಡಿರಲಾರದು ಎಂದು ಅವರು ನನ್ನ ಬಾಯಲ್ಲಿ ಹೇಳಿಸಲು ನೋಡಿದರು. ಆಗ ನೀನು ಎದ್ದು "ಅಕ್ಕ ಹೇಳೋದು ನಿಜ, ಸಾಮೀ" ಎಂದೆಯಲ್ಲ, ನಾನು ಕಟಕಟೆ ಹಿಡಿದು ನಿಂತೆ. ಅದಕ್ಕೂ ಮೊದಲು ನಿನ್ನ ಮೇಲಿದ್ದ ಸಿಟ್ಟನ್ನೇ ಹಿಡಿದು ನಿಂತಿದ್ದೆ.

ಜೆಯರಾಜ್‌ನ ಕೇಸು ಇನ್ನೂ ನಡೆಯುತ್ತಿದೆ. ಅದಕ್ಕೂ ಹೋಗಿ ಹೇಳುತ್ತೇನೆ. ಅಪ್ಪ ತೋಟದಲ್ಲಿ ಹೊಸ ಬಳ್ಳಿ ನೆಡಿಸುತ್ತಿದ್ದಾರೆ, ಕಟ್ಟುವುದಕ್ಕೆ ನಾನು ಹೋಗುತ್ತೇನೆ.

ಮಗನ ಮೇಲೆ ಸಾಕ್ಷಿ ಹೇಳಿದವಳನ್ನು ಅತ್ತೆ ಮನೆಯಿಂದ ಅಟ್ಟುತ್ತಾರೆ ಎಂದು ಊರೆಲ್ಲ ಕಾದಿತ್ತು. ಅವರು ಅಟ್ಟಲಿಲ್ಲ. ಕುಂಟುತ್ತ ಬಂದು ನನ್ನ ತಟ್ಟೆಗೂ ಅನ್ನ ಹಾಕಿದರು. ಮಾತು ಮಾತ್ರ ಇಲ್ಲ.

ಕರುಪ್ಪಸಾಮಿಯೂ ನೀನಿರುವ ಜೈಲಿನಲ್ಲೇ ಇದ್ದಾನೆ, ಬೇರೆ ಬ್ಲಾಕಿನಲ್ಲಿ. ಬರುವ ತಿಂಗಳು ನಾನೂ ಅತ್ತೆಯೂ ಒಂದೇ ಬಸ್ಸಿನಲ್ಲಿ ಮದುರೈಗೆ ಬರುತ್ತೇವೆ. ಅವರು ಅವನನ್ನು ನೋಡುವುದು, ನಾನು ನಿನ್ನನ್ನು ನೋಡುವುದು ಎಂದಿತ್ತು. ನಿನ್ನೆ ಅಕ್ಕಿ ಆರಿಸುತ್ತ ಕುಳಿತಿದ್ದವರು ತಲೆ ಎತ್ತದೆ, "ನಿನ್ ತಮ್ಮನ್ನೂ ನೋಡ್ಬೇಕು ನಾನು" ಎಂದರು.

"ಯಾಕೆ ಅತ್ತೆ?" ಎಂದು ಬಾಯಿಗೆ ಬಂತು, ಕೇಳಲಿಲ್ಲ. ಕ್ಷಮಿಸಲು ಬರುತ್ತಾರೋ, ಶಾಪ ಹಾಕಲು ಬರುತ್ತಾರೋ, ಮಗನನ್ನು ಕೊಂದವನ ಮುಖ ಹೇಗಿದೆಯೆಂದು ಹತ್ತಿರದಿಂದ ನೋಡಿಹೋಗಲು ಬರುತ್ತಾರೋ, ನನಗೆ ಗೊತ್ತಿಲ್ಲ.

ನೀನು ಬರಲಾರೆ ಎಂದು ಹೇಳಿಕಳಿಸಬೇಡ. ಕಂಬಿಯ ಹತ್ತಿರ ಬಂದು ನಿಲ್ಲು. ಅವರು ಏನು ಅಂದರೂ ಕೇಳು, ಏನೂ ಅನ್ನದಿದ್ದರೆ ಅದನ್ನೂ ಕೇಳು. ಅವರು ಎದ್ದು ಹೋಗುವವರೆಗೆ ನೀನು ತಿರುಗಬೇಡ.

ಅಕ್ಕ